‘ಕರೇಜ್’ ಎಂಬ ಶಬ್ದದ ವಿಚಾರ

ವೀರಗುಣವನ್ನು ಹೇಳುವ ಶಬ್ದಗಳು ಇಂಗ್ಲಿಷಿನಲ್ಲಿ ಹಲವಿವೆ. ‘ಕರೇಜ್’, ‘ಬ್ರೇವರಿ’, ‘ವ್ಯಾಲರ್’, ‘ಗ್ಯಾಲಂಟ್ರಿ’, ‘ಡೇರಿಂಗ್’, ‘ಫಾರ್ಟಿಟ್ಯೂಡ್’ ಎಂಬಿವು ಅವುಗಳಲ್ಲಿ ಮುಖ್ಯವಾದವು. ಇವನ್ನು ಕನ್ನಡಿಸುವಾಗ ನಮ್ಮ ವೃತ್ತಪತ್ರಗಳೂ ಪಠ್ಯಪುಸ್ತಕಗಳೂ ಕೈಹಚ್ಚುವ ಶಬ್ದಗಳಾದರೋ ಎರಡು ಮೂರಕ್ಕೆ ಮೀರಿಲ್ಲ. ‘ಧೈರ್ಯ’ ಇಲ್ಲವೆ ‘ಸಾಹಸ’. ಸೈನಿಕರ ಮಾತು ಬಂದರೆ ‘ಶೌರ್ಯ’. ಉರಿಯುವ ಮನೆಯೊಳಗೆ ನುಗ್ಗಿ ಕೂಸನ್ನು ಎತ್ತಿಕೊಂಡು ಬಂದ ಹೆಣ್ಣುಮಗಳದೂ ಸಾಹಸ, ಹಗ್ಗ ಕಟ್ಟಿಕೊಂಡು ಬಂಡೆ ಏರಿದ ತರುಣನದೂ ಸಾಹಸ, ಚಲಚ್ಚಿತ್ರದಲ್ಲಿ ಹತ್ತು ಜನರನ್ನು ಹೊಡೆದುರುಳಿಸಿದ ನಾಯಕನದೂ ಸಾಹಸವೇ. ಇದರಿಂದ ಅನುವಾದಕ್ಕೆ ಮಾತ್ರ ಊನ ಬರುವದಿದ್ದರೆ ಇಷ್ಟು ಬರೆಯುವ ಕಾರಣವಿರಲಿಲ್ಲ. ಆದರೆ ನಮ್ಮ ನಾಡಿನ ವೀರರನ್ನೂ ಅವರ ಎದುರಾಳಿಗಳನ್ನೂ ನಾವು ಹೇಗೆ ಅಳೆಯುತ್ತೇವೆಂಬದು ಈ ಶಬ್ದಗಳನ್ನೇ ಅವಲಂಬಿಸಿದೆ. ಆದಕಾರಣ ‘ಕರೇಜ್’ ಎಂಬ ಒಂದೇ ಶಬ್ದವನ್ನು ಮುಂದಿಟ್ಟುಕೊಂಡು, ಅದರ ಹುಟ್ಟನ್ನೂ ಕನ್ನಡದಲ್ಲಿ ಅದಕ್ಕೆ ಸರಿದೂಗುವ ಮಾತು ಯಾವದೆಂಬದನ್ನೂ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ಲ್ಯಾಟಿನ್ ಭಾಷೆಯಲ್ಲಿ ಹೃದಯಕ್ಕೆ ‘ಕೋರ್’ ಎಂದು ಹೆಸರು. ಅದರಿಂದ ಹಳೆಯ ಫ್ರೆಂಚಿನಲ್ಲಿ ‘ಕೊರಾಜ್’ ಎಂಬ ಶಬ್ದವು ಹುಟ್ಟಿ, ನಾರ್ಮನ್ ಅರಸರ ಆಳಿಕೆಯ ತರುವಾಯ ಇಂಗ್ಲಿಷಿಗೆ ಬಂದಿತು. ಮೊದಮೊದಲು ಅದಕ್ಕೆ ವೀರಗುಣವೆಂಬ ಅರ್ಥವೇ ಪ್ರಧಾನವಾಗಿರಲಿಲ್ಲ. ಮನಸ್ಸು, ಒಲವು, ಹುಮ್ಮಸ್ಸು, ಬಯಕೆ, ಎದೆಯೊಳಗೆ ಏನೇನು ಇರಬಹುದೋ ಅದೆಲ್ಲವೂ ‘ಕೊರಾಜ್’ ಆಗಿತ್ತು. ಹದಿನಾಲ್ಕನೆಯ ಶತಮಾನದ ಚಾಸರ್ ಕವಿಯು ತನ್ನ ‘ಕ್ಯಾಂಟರ್ಬರಿ ಕಥೆ’ಗಳ ಪೀಠಿಕೆಯಲ್ಲಿ ವಸಂತಕಾಲದ ಹಕ್ಕಿಗಳ ಉತ್ಕಂಠೆಗೂ ಇದೇ ಶಬ್ದವನ್ನು ಬಳಸಿದ್ದಾನೆ, ಯಾತ್ರೆಗೆ ಹೊರಟ ತನ್ನ ಭಕ್ತಿಯುಳ್ಳ ಮನಸ್ಸಿಗೂ ಇದನ್ನೇ ಬಳಸಿದ್ದಾನೆ. ಹಕ್ಕಿಯ ಕಾಮಕ್ಕೂ ಯಾತ್ರಿಕನ ಭಕ್ತಿಗೂ ಒಂದೇ ಮಾತು! ಬರಬರುತ್ತ ಅರ್ಥವು ಸಂಕುಚಿತವಾಗಿ, ಅಂಜಿಕೆಯ ಸಮಯದಲ್ಲಿ ಹಿಂದೆಗೆಯದೆ ನಿಲ್ಲುವ ಎದೆಗೆ ಮಾತ್ರ ಈ ಹೆಸರು ಉಳಿಯಿತು. ‘ಎನ್‌ಕರೇಜ್’ ಎಂದರೆ ಒಬ್ಬನಲ್ಲಿ ಎದೆಯನ್ನು ತುಂಬುವದು, ‘ಡಿಸ್‌ಕರೇಜ್’ ಎಂದರೆ ಅದನ್ನು ತೆಗೆದುಬಿಡುವದು.

ನಮ್ಮ ಆಡುಮಾತನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣದು. ಎದೆಗುಂದು, ಎದೆಗೆಡು, ಎದೆಯೊಡ್ಡು, ಎದೆಯೊಡೆ, ಎದೆ ತಟ್ಟಿ ಹೇಳು ಎಂದು ಕನ್ನಡವೂ ಈ ಗುಣವನ್ನು ಎದೆಯಲ್ಲಿಯೇ ಕೂಡ್ರಿಸಿದೆ. ಸಾವು ಆದ ಮನೆಗೆ ಹೋದ ನಮ್ಮ ಹುಬ್ಬಳ್ಳಿ ಧಾರವಾಡದ ಹಿರಿಯ ಹೆಣ್ಣುಮಕ್ಕಳು ‘ಎದಿ ಗಟ್ಟಿ ಮಾಡ್ಕೋವಾ’ ಎನ್ನುತ್ತಾರೆಯೇ ಹೊರತು ‘ಸಾಹಸ ಮಾಡು’ ಎನ್ನುವದಿಲ್ಲ. ಹೀಗಿರುವಲ್ಲಿ ‘ಎದೆಗಾರಿಕೆ’ ಎಂಬ ಶಬ್ದವು ಅರ್ಥದಲ್ಲಿ ಮಾತ್ರವಲ್ಲ, ಕಟ್ಟಡದಲ್ಲಿಯೂ ‘ಕರೇಜ್’ ಶಬ್ದದ ಒಡಹುಟ್ಟಿದಂತಿದೆ. ಅಲ್ಲಿ ಹೃದಯವಾಚಕಕ್ಕೆ ಒಂದು ಪ್ರತ್ಯಯ, ಇಲ್ಲಿಯೂ ಹೃದಯವಾಚಕಕ್ಕೆ ಒಂದು ಪ್ರತ್ಯಯ. ಇದು ಯಾರೂ ಯಾರಿಂದಲೂ ಕಡ ತಂದದ್ದಲ್ಲ.

ಇನ್ನೊಂದು ಶಬ್ದವು ಇದಕ್ಕಿಂತಲೂ ಸೊಗಸಾದದ್ದು. ಅದು ‘ಕೆಚ್ಚು’. ಕೆಚ್ಚೆಂದರೆ ಮರದ ನಡುವಿನ ಗಟ್ಟಿ ತಿರುಳು. ಹೊರಗಿನ ತೊಗಟೆಯನ್ನೂ ಅದರ ಒಳಗಿನ ಮೆತ್ತನೆಯ ಭಾಗವನ್ನೂ ಹುಳ ತಿಂದೀತು. ಕೆಚ್ಚು ಬಲಿತ ಭಾಗಕ್ಕೆ ಅದು ಬೇಗ ಹೋಗದು. ಬಾಗಿಲಿಗೆ ಮರ ಕೊಳ್ಳುವಾಗ ಬಡಿಗನು ನೋಡುವದು ಇದನ್ನೇ. ಈ ಮರದ ಗುಣವನ್ನು ಮನುಷ್ಯನ ಎದೆಗೆ ತಂದು ‘ಕೆಚ್ಚೆದೆ’ ಎಂದವರು ಯಾವ ಪಾಠಶಾಲೆಯಲ್ಲಿಯೂ ಕಲಿತವರಿರಲಿಕ್ಕಿಲ್ಲ. ಲ್ಯಾಟಿನ್ನಿನಲ್ಲಿಯೂ ‘ರೋಬುರ್’ ಎಂದರೆ ಗಟ್ಟಿಯಾದ ಓಕ್ ಮರ. ಅದೇ ಶಬ್ದವು ಬಲವನ್ನೂ ಹೇಳುವದು. ಎರಡು ದೂರದ ನಾಡುಗಳ ಜನರು ಮರ ಕಡಿಯುವಾಗ ಒಂದೇ ಯೋಚನೆ ಮಾಡಿದರೆಂದು ತಿಳಿಯೋಣ.

ಸಂಸ್ಕೃತದ ಕಡೆಗೆ ಹೊರಳಿದರೆ ಸಂಬಂಧವು ಇನ್ನೂ ಹತ್ತಿರಕ್ಕೆ ಬರುವದು. ಲ್ಯಾಟಿನ್ನಿನ ‘ಕೋರ್’, ಗ್ರೀಕಿನ ‘ಕಾರ್ದಿಯಾ’, ಇಂಗ್ಲಿಷಿನ ‘ಹಾರ್ಟ್’ ಇವು ಒಂದೇ ಮೂಲದವು. ನಮ್ಮ ‘ಹೃದ್’ ಶಬ್ದವೂ ಅದೇ ಮನೆತನದ್ದೆಂದು ಭಾಷಾಶಾಸ್ತ್ರಜ್ಞರು ಹೇಳುವರು; ಆದರೆ ಮೊದಲಿನ ಹಕಾರವು ನಿಯಮಕ್ಕೆ ತಕ್ಕದ್ದಲ್ಲ, ಅಲ್ಲಿ ಶಕಾರವಿರಬೇಕಾಗಿತ್ತು. ಆ ಶಕಾರವುಳ್ಳ ರೂಪವು ಸಂಸ್ಕೃತದಲ್ಲಿ ಒಂದು ಕಡೆಗೆ ಅಡಗಿ ಕುಳಿತಿದೆ. ‘ಶ್ರದ್ಧಾ’ ಎಂಬಲ್ಲಿಯ ‘ಶ್ರತ್’ ಅದೇ. ಶ್ರತ್ ಎಂಬದನ್ನು ಇಡುವದು, ಎದೆಯನ್ನು ಒಂದರ ಮೇಲೆ ಇಡುವದು, ಶ್ರದ್ಧೆ. ಲ್ಯಾಟಿನ್ನಿನಲ್ಲಿ ನಂಬುತ್ತೇನೆ ಎಂಬುದಕ್ಕೆ ‘ಕ್ರೇದೋ’ ಎನ್ನುವರು. ಅದರ ರಚನೆಯೂ ಇದೇ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಶ್ರದ್ಧೆಯನ್ನು ಕುರಿತು ಒಂದು ಸೂಕ್ತವೇ ಇದ್ದು, ಅದರಲ್ಲಿ ಶ್ರದ್ಧೆಯು ಹೃದಯದ ಸಂಕಲ್ಪದಿಂದ ದೊರೆಯುವದೆಂಬ ಮಾತು ಬಂದಿದೆ. ಹಾಗಾದರೆ ಆಂಗ್ಲರ ‘ಕರೇಜ್’ ನಮ್ಮ ಶ್ರದ್ಧೆಗೆ ದೂರದ ದಾಯಾದಿಯಾಯಿತು. ಈ ಸಂಬಂಧದಲ್ಲಿ ಅರ್ಥಸ್ವಾರಸ್ಯವೂ ಉಂಟು. ಎದೆಯನ್ನು ಯಾವದಾದರೊಂದರ ಮೇಲೆ ಇಟ್ಟವನೇ ಅಂಜಿಕೆಯ ಹೊತ್ತಿನಲ್ಲಿ ನಿಲ್ಲಬಲ್ಲನು. ಎಲ್ಲಿಯೂ ಇಡದವನು ಯಾತಕ್ಕೆ ನಿಂತಾನು?

ಇಂಗ್ಲಿಷಿನ ಉಳಿದ ಶಬ್ದಗಳು ಇಷ್ಟು ಕುಲೀನವಲ್ಲ. ‘ಬ್ರೇವ್’ ಎಂಬದು ಇಟಲಿಯ ‘ಬ್ರಾವೋ’ ಶಬ್ದದಿಂದ ಫ್ರೆಂಚಿನ ಮೂಲಕ ಬಂದದ್ದು. ‘ಬ್ರಾವೋ’ ಶಬ್ದದ ಮೂಲವನ್ನು ಕೆಲವರು ಬರ್ಬರವಾಚಕದಲ್ಲಿಯೂ ಕೆಲವರು ವಕ್ರ, ದುಷ್ಟ ಎಂಬ ಅರ್ಥದ ಲ್ಯಾಟಿನ್ ಶಬ್ದದಲ್ಲಿಯೂ ಹುಡುಕುವರು. ಯಾವದೇ ಆಗಲಿ, ಹೊಗಳಿಕೆಯ ಮನೆಯಲ್ಲಿ ಅದು ಹುಟ್ಟಿದ್ದಲ್ಲ. ಹಣ ಪಡೆದು ಕೊಲೆಮಾಡುವ ಬಂಟನಿಗೆ ‘ಬ್ರಾವೋ’ ಎಂದು ಹೆಸರಿತ್ತು. ಈಗ ಗಾಯಕನು ಚೆನ್ನಾಗಿ ಹಾಡಿದರೆ ಅದೇ ಶಬ್ದವನ್ನು ಕೂಗುವರು. ಶೇಕ್ಸ್‌ಪಿಯರನ ಕಾಲಕ್ಕೆ ‘ಬ್ರೇವ್’ ಎಂದರೆ ಬೆಡಗಿನದು, ಥಳಥಳಿಸುವದು ಎಂಬರ್ಥವೂ ಇತ್ತು. ‘ಬ್ರೇವರಿ’ ಎಂದರೆ ಬೆಡಗಿನ ಉಡಿಗೆ ತೊಡಿಗೆ. ಅವನ ‘ಟೆಂಪೆಸ್ಟ್’ ನಾಟಕದಿಂದ ಎತ್ತಿಕೊಂಡು ಹಕ್ಸ್ಲಿಯು 1932ರಲ್ಲಿ ತನ್ನ ಕಾದಂಬರಿಗೆ ಇಟ್ಟ ಹೆಸರಿನಲ್ಲಿ ಈ ಅರ್ಥವೇ ಇದೆ. ಅದನ್ನು ‘ಧೀರ ನವಲೋಕ’ವೆಂದು ಕನ್ನಡಿಸಿದರೆ ನಗೆಪಾಟಲಾದೀತು. ‘ಗ್ಯಾಲಂಟ್’ ಎಂಬದರ ಹುಟ್ಟು ವಿನೋದ ವಿಲಾಸಗಳಲ್ಲಿದೆ. ‘ವ್ಯಾಲರ್’ ಎಂಬದು ಬಲ, ಬೆಲೆ ಎಂಬ ಅರ್ಥದಿಂದ ಬಂದಿತು. ಇವನ್ನು ಇಷ್ಟಕ್ಕೇ ಬಿಡುವೆನು.

‘ಡೇರ್’ ಎಂಬದನ್ನು ಮಾತ್ರ ಬಿಡಲಾಗದು. ಅದಕ್ಕೂ ಸಂಸ್ಕೃತದ ‘ಧೃಷ್’ ಧಾತುವಿಗೂ ಮೂಲವೊಂದೇ. ಆ ಧಾತುವಿನಿಂದ ‘ಧೃಷ್ಟ’, ‘ಧಾರ್ಷ್ಟ್ಯ’. ಸಂಸ್ಕೃತದಲ್ಲಿ ಧೃಷ್ಟನೆಂದರೆ ನಾಚಿಕೆಗೆಟ್ಟವನು. ಅಲಂಕಾರಶಾಸ್ತ್ರದಲ್ಲಿ ಅನುಕೂಲ, ದಕ್ಷಿಣ, ಶಠ, ಧೃಷ್ಟ ಎಂದು ಶೃಂಗಾರನಾಯಕರು ನಾಲ್ವರು. ಅವರಲ್ಲಿ ಕೊನೆಯವನು ಮೈಮೇಲೆ ತಪ್ಪಿನ ಗುರುತು ಎದ್ದು ಕಾಣುತ್ತಿದ್ದರೂ ಮನದನ್ನೆಯ ಎದುರಿಗೆ ನಿರ್ಲಜ್ಜನಾಗಿ ನಿಲ್ಲುವವನು. ಈ ಧೃಷ್ಟನೇ ಪ್ರಾಕೃತವನ್ನು ದಾಟಿ ಕನ್ನಡಕ್ಕೆ ಬಂದು ‘ದಿಟ್ಟ’ನಾದನು, ಆಗುತ್ತಲೇ ಅವನ ಮೇಲಿನ ಕಳಂಕವು ತೊಳೆದುಹೋಯಿತು. ದಿಟ್ಟ ಹೆಂಗಸು, ದಿಟ್ಟ ಉತ್ತರ, ದಿಟ್ಟ ಹೆಜ್ಜೆ: ಎಲ್ಲವೂ ಹೊಗಳಿಕೆಯೇ. ಗ್ರೀಕಿನಲ್ಲಿಯೂ ಇದೇ ಮೂಲದಿಂದ ಹುಟ್ಟಿದ ಎರಡು ರೂಪಗಳಲ್ಲಿ ‘ಥಾರ್ಸೋಸ್’ ಎಂಬದು ಕೆಚ್ಚಿಗೂ ‘ಥ್ರಾಸೋಸ್’ ಎಂಬದು ಹುಂಬತನಕ್ಕೂ ಹಂಚಿಹೋದವು. ‘ಛಲ’ ಶಬ್ದದ ಗತಿಯನ್ನೂ ನೋಡಿರಿ. ನ್ಯಾಯಶಾಸ್ತ್ರದಲ್ಲಿ ಛಲವೆಂದರೆ ಎದುರಾಳಿಯ ಮಾತಿನ ಅರ್ಥವನ್ನು ತಿರುಚಿ ವಾದದಲ್ಲಿ ಗೆಲ್ಲಲು ನೋಡುವ ಕಪಟ. ಗೌತಮನು ಹೇಳಿದ ಹದಿನಾರು ಪದಾರ್ಥಗಳಲ್ಲಿ ಅದೂ ಒಂದು. ಕನ್ನಡದಲ್ಲಿ ಛಲವೆಂದರೆ ಹಿಡಿದದ್ದನ್ನು ಬಿಡದ ನಿಲುವು. ಪಾಠಶಾಲೆಯಿಂದ ಬಂದ ನಮ್ಮಂಥವರಿಗೆ ‘ಛಲವಂತ ಹುಡುಗ’ ಎಂಬ ಮೆಚ್ಚುಗೆಯ ಮಾತು ಕಿವಿಗೆ ಬಿದ್ದಾಗ ಮೊದಲು ಒಂದು ಗಳಿಗೆ ಮುಗ್ಗರಿಸಿದಂತಾಗುವದು ಸಹಜ.

ಇವೆಲ್ಲವುಗಳಿಗೆ ಶಿಖರಪ್ರಾಯವಾದದ್ದು ‘ಸಾಹಸ’. ಧರ್ಮಶಾಸ್ತ್ರದಲ್ಲಿ ಸಾಹಸವು ಗುಣವಲ್ಲ, ಅಪರಾಧ. ವ್ಯವಹಾರಪದಗಳಲ್ಲಿ, ಎಂದರೆ ಅರಸನ ಮುಂದೆ ಬರುವ ತಂಟೆಗಳಲ್ಲಿ, ಅದೊಂದು. ಒಡವೆಯನ್ನು ಕಣ್ಮರೆಯಲ್ಲಿ ತೆಗೆದರೆ ಸ್ತೇಯ. ಒಡೆಯನು ನೋಡುತ್ತಿರುವಂತೆಯೇ ಬಲದಿಂದ ಕಸಿದರೆ ಸಾಹಸ. ಕೊಲೆ, ಸುಲಿಗೆ, ಪರಸ್ತ್ರೀಯ ಮೇಲೆ ಕೈಮಾಡುವದು, ಇವೆಲ್ಲವೂ ಇದರಲ್ಲಿ ಅಡಕ. ಬೈಗುಳಗಾರನಿಗಿಂತಲೂ ಕಳ್ಳನಿಗಿಂತಲೂ ಬಡಿಗೆಯಿಂದ ಹೊಡೆಯುವವನಿಗಿಂತಲೂ ಸಾಹಸ ಮಾಡುವವನು ಹೆಚ್ಚಿನ ಪಾಪಿಯೆಂಬದು ಮನುವಿನ ಮತ. ದಂಡಕ್ಕೂ ಇದೇ ಹೆಸರು ಹತ್ತಿ ಪ್ರಥಮಸಾಹಸಕ್ಕೆ 250, ಮಧ್ಯಮಕ್ಕೆ 500, ಉತ್ತಮಕ್ಕೆ 1000 ಪಣಗಳೆಂದು ಅವನು ಎಣಿಸಿದ್ದಾನೆ. ‘ಉತ್ತಮಸಾಹಸ’ವೆಂದರೆ ಅತಿ ದೊಡ್ಡ ದಂಡ! ಇಂದಿನ ಯಾವದಾದರೂ ಶಾಲೆಯು ಬಹುಮಾನದ ಫಲಕದ ಮೇಲೆ ಈ ಎರಡು ಮಾತುಗಳನ್ನು ಕೂಡಿಸಿ ಬರೆದರೆ ಹಳೆಯ ಧರ್ಮಾಧಿಕಾರಿಗಳು ಬೆಚ್ಚಿಬಿದ್ದಾರು. ವಿನೋದವೆಂದರೆ, ಸಾಹಸದ ಧಾತುವು ‘ಸಹ್’. ಸಹನೆಯ ಧಾತುವೂ ಅದೇ. ತಾಳಿಕೊಳ್ಳುವ ಬಲವೂ ಮೇಲೆ ಬೀಳುವ ಬಲವೂ ಒಂದೇ ಬೇರಿನಿಂದ ಚಿಗಿತಿವೆ.

ಅಪರಾಧದ ಹೆಸರು ಬಿರುದಾದದ್ದು ಹೇಗೆ? ನ್ಯಾಯಸ್ಥಾನದಲ್ಲಿ ದಂಡಕ್ಕೆ ಈಡಾದ ಶಬ್ದವನ್ನು ಅರಸರ ಓಲಗಗಳು ಎತ್ತಿ ಮೆರೆಸಿದವು ಎಂದು ನನಗೆ ತೋರುವದು. ವಿಕ್ರಮಾದಿತ್ಯನಿಗೆ ಸಾಹಸಾಂಕನೆಂಬ ಹೆಸರು. ಮಾಳವದ ಸಿಂಧುರಾಜನನ್ನು ಕುರಿತು ಪದ್ಮಗುಪ್ತನು ಬರೆದ ಕಾವ್ಯವು ‘ನವಸಾಹಸಾಂಕಚರಿತ’. ಸುಮಾರು ಅದೇ ಕಾಲಕ್ಕೆ, ಹತ್ತನೆಯ ಶತಮಾನದ ಕೊನೆಯಲ್ಲಿ, ನಮ್ಮ ಮುಧೋಳದ ರನ್ನನು ತನ್ನ ಗದಾಯುದ್ಧಕ್ಕೆ ‘ಸಾಹಸಭೀಮ ವಿಜಯ’ವೆಂದು ಹೆಸರಿಟ್ಟನು. ಸಾಹಸಭೀಮನೆಂಬದು ಅವನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನ ಬಿರುದು. ಅದೇ ಚಾಲುಕ್ಯರ ವಂಶದಲ್ಲಿ ಒಂದು ನೂರು ವರ್ಷಗಳ ತರುವಾಯ ಆರನೆಯ ವಿಕ್ರಮಾದಿತ್ಯನು ಕಲ್ಯಾಣದಲ್ಲಿ ಆಳುತ್ತಿರುವಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದು ಸಾಹಸಕ್ಕೆ ತಕ್ಕ ದಂಡಗಳನ್ನು ವಿವರಿಸಿದನು. ಒಂದೇ ಮನೆತನದ ನೆರಳಿನಲ್ಲಿ ಒಬ್ಬನು ಆ ಶಬ್ದಕ್ಕೆ ಕಿರೀಟವಿಟ್ಟನು, ಇನ್ನೊಬ್ಬನು ಅದಕ್ಕೆ ಬೇಡಿ ಹಾಕಿದನು.

ರನ್ನನ ಕಾವ್ಯವನ್ನು ಈ ದೃಷ್ಟಿಯಿಂದ ಓದಿದವರು ಕಡಿಮೆ. ಆ ಕಾವ್ಯದ ನಾಯಕನು ಭೀಮನೋ ದುರ್ಯೋಧನನೋ ಎಂಬ ಚರ್ಚೆಯು ವಿದ್ವಾಂಸರಲ್ಲಿ ಬಹಳ ನಡೆದಿದೆ. ಹೆಸರು ಭೀಮನದು, ಆದರೆ ಓದಿ ಮುಗಿಸಿದವನ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಹೆಣಗಳ ನಡುವೆ ಸಂಜಯನ ಕೈಹಿಡಿದು ನಡೆಯುವ ಆ ಅರಸನು ಬಿದ್ದ ತನ್ನವರನ್ನು ಕಂಡು ಅಳುವನು. ಹಗೆಯ ಮಗನಾದ ಅಭಿಮನ್ಯುವಿನ ಹೆಣವನ್ನು ಕಂಡಾಗ ಅವನ ಪರಾಕ್ರಮವನ್ನು ಮೆಚ್ಚಿ ಕೈಮುಗಿಯುವನು. ಭೀಷ್ಮನು ಸಂಧಿ ಮಾಡಿಕೋ ಎಂದರೂ ಒಪ್ಪುವದಿಲ್ಲ. ಗೆಲ್ಲುವ ಆಸೆ ಅಲ್ಲಿ ಉಳಿದಿಲ್ಲ. ತನಗಾಗಿ ಸತ್ತವರ ಋಣ ಮಾತ್ರ ಉಳಿದಿದೆ. ಇತ್ತ ಭೀಮನಾದರೋ ಗದಾಯುದ್ಧದ ಕಟ್ಟಳೆಯನ್ನು ಮೀರಿ ತೊಡೆಗೆ ಹೊಡೆದು, ಬಿದ್ದ ಅರಸನ ಮುಕುಟವನ್ನು ಒದೆಯುವನು. ಇದು ಸಾಹಸವೇ ಸರಿ. ಬಿರುದಿನ ಅರ್ಥದಲ್ಲಿಯೂ ಸಾಹಸ, ಸ್ಮೃತಿಯ ಅರ್ಥದಲ್ಲಿಯೂ ಸಾಹಸ. ಅಂದಬಳಿಕ ಕಾವ್ಯದ ಹೆಸರು ತಪ್ಪಾಗಲಿಲ್ಲ. ಸಾಹಸವು ಭೀಮನದು, ಎದೆಗಾರಿಕೆಯು ದುರ್ಯೋಧನನದು ಎಂದು ಹೇಳಿದರೆ ಬಹುದಿನದ ಆ ಚರ್ಚೆಗೆ ಸ್ವಲ್ಪಮಟ್ಟಿಗಾದರೂ ಸಮಾಧಾನ ದೊರೆಯಬಹುದು. ರನ್ನನು ಇದನ್ನು ಬುದ್ಧಿಪೂರ್ವಕವಾಗಿಯೇ ಮಾಡಿದನೆಂದು ಸಾಧಿಸುವ ಹಟ ನನಗಿಲ್ಲ. ಅರಸನ ಅನ್ನ ಉಂಡು ಅರಸನ ಬಿರುದನ್ನು ಹೊಗಳಬೇಕಾದ ಕವಿಯು ಸೋತವನ ಎದೆಯನ್ನು ಅಷ್ಟು ಹತ್ತಿರದಿಂದ ಕಂಡನಲ್ಲ, ಅದೇ ಅವನ ಹೆಚ್ಚಳ.

ಇಲ್ಲಿಂದ ನಾನು ಹೇಳಬೇಕಾದ ಮಾತು ಸ್ಪಷ್ಟವಾಗುವದು. ಸಾಹಸ, ‘ಬ್ರೇವರಿ’ ಮೊದಲಾದ ಶಬ್ದಗಳು ಮಾಡಿದ ಕೆಲಸವನ್ನು ಹೇಳತಕ್ಕವು. ಕೆಲಸವನ್ನು ಹೇಳುವ ಶಬ್ದಕ್ಕೆ ತೀರ್ಪು ಅಂಟಿಕೊಂಡೇ ಬರುವದು. ತೀರ್ಪು ಕೊಡುವವನು ಬದಲಾದರೆ ಅಪರಾಧವು ಬಿರುದಾಗುವದು, ಬಿರುದು ಅಪರಾಧವಾಗುವದು. ಎದೆಗಾರಿಕೆ, ಕೆಚ್ಚು, ‘ಕರೇಜ್’ ಎಂಬಿವು ಕೆಲಸವನ್ನಲ್ಲ, ಅದು ಹೊರಟ ಸ್ಥಾನವನ್ನು ತೋರಿಸುವವು. ಆ ಕಾರಣದಿಂದ ನಮ್ಮವರಲ್ಲಿರುವಂತೆ ನಮ್ಮ ಎದುರಾಳಿಯಲ್ಲಿಯೂ ಅವನ್ನು ಕಾಣಬಹುದು.

ಇದಕ್ಕೆ ನಮ್ಮ ನಾಡಿನದೇ ಉದಾಹರಣೆಯಿದೆ. 1824ರ ಅಕ್ಟೋಬರ 23ರಂದು ಕಿತ್ತೂರ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ ಥ್ಯಾಕರೆಯು ಮಡಿದನು. ಇವನು ಪ್ರಸಿದ್ಧ ಕಾದಂಬರಿಕಾರ ಥ್ಯಾಕರೆಗೆ ಚಿಕ್ಕಪ್ಪನಾಗಬೇಕು. ಕಂಪನಿಯವರಿಗೆ ಅವನು ಕರ್ತವ್ಯದಲ್ಲಿ ಬಿದ್ದ ವೀರ, ರಾಣಿ ಚೆನ್ನಮ್ಮನ ಬಂಟರು ದಂಗೆಕೋರರು. ನಮಗೆ ಅವರು ವೀರರು, ಅವನು ಪರರಾಜ್ಯವನ್ನು ನುಂಗಲು ಬಂದವನು. ಅಂದು ಸೆರೆಸಿಕ್ಕ ಎಲಿಯಟ್, ಸ್ಟೀವನ್ಸನ್ ಎಂಬ ಇಬ್ಬರು ಅಧಿಕಾರಿಗಳನ್ನು ಕಿತ್ತೂರಿನವರು ಕೊಲ್ಲದೆ ಕಾಪಾಡಿ ಮುಂದೆ ಬಿಟ್ಟುಕೊಟ್ಟರು. ಕಾಳಗದ ಬಿಸಿಯಲ್ಲಿ ತುಪಾಕಿ ಹಾರಿಸುವದಕ್ಕೆ ಬೇಕಾದ ಎದೆಗಿಂತ, ಗೆದ್ದ ಮರುದಿನ ಕೈಸೆರೆಯವನನ್ನು ಮುಟ್ಟದಿರುವದಕ್ಕೆ ಬೇಕಾದ ಎದೆಯು ಕಡಿಮೆಯದೇನೂ ಅಲ್ಲ. ನಮ್ಮ ಶಾಲಾಪುಸ್ತಕಗಳು ಮೊದಲಿನದನ್ನು ಉಚ್ಚಸ್ವರದಲ್ಲಿ ಹೇಳಿ, ಎರಡನೆಯದನ್ನು ಒಂದು ಸಾಲಿನಲ್ಲಿ ಮುಗಿಸುವವು. ಸಾಹಸವೆಂಬ ಶಬ್ದದಲ್ಲಿ ಅದು ಹಿಡಿಸದಿರುವದೇ ಇದಕ್ಕೆ ಕಾರಣವೆಂದು ಊಹಿಸುತ್ತೇನೆ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಸರಕಾರೀ ಕಚೇರಿಗಳನ್ನು ಸುಟ್ಟದ್ದು, ಖಜಾನೆಯನ್ನು ಲೂಟಿಮಾಡಿದ್ದು ಮಿತಾಕ್ಷರೆಯ ಅರ್ಥದಲ್ಲಿಯೂ ಸಾಹಸವೇ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣವಿದ್ದ ಠಾಣೆಯ ಮೇಲೆ ಹೋಗಿ ಗುಂಡಿಗೆ ಬಲಿಯಾದ ಮೈಲಾರ ಮಹದೇವ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರ ಮೇಲೆಯೂ ಅಂದಿನ ಸರಕಾರದ ಕಾಗದಪತ್ರಗಳು ಬೇರೆ ಮಾತನ್ನೇನೂ ಹೊರಿಸಲಾರವು. ಅದೇ ಮಹದೇವನು 1930ರಲ್ಲಿ ಗಾಂಧೀಜಿಯವರ ಸಂಗಡ ದಾಂಡಿಗೆ ನಡೆದಿದ್ದನು. ದಾಂಡಿಯ ದಾರಿಯಲ್ಲಿ ಬಡಿಗೆಯ ಪೆಟ್ಟಿಗೆ ಸಿದ್ಧನಾಗಿ ಬರಿಗೈಯಿಂದ ನಡೆದ ಎದೆಯೂ ಹೊಸರಿತ್ತಿಯ ಎದೆಯೂ ಒಂದೇ. ಕೆಲಸಗಳು ಬೇರೆಬೇರೆ, ಶಬ್ದವೂ ಬೇರೆಯಾಗಬೇಕಾದ ಕಾರಣವಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯು ಬರಬಹುದು. ಕಳ್ಳನನ್ನು ಕುರಿತೂ ‘ಎಷ್ಟು ಎದೆಗಾರಿಕೆ ನೋಡು ಇವನದು’ ಎನ್ನುವದುಂಟಲ್ಲ! ಅಹುದು, ಉಂಟು. ಅದರಿಂದ ನನ್ನ ಮಾತಿಗೆ ಬಾಧೆ ಬಾರದು. ಕಳ್ಳನಿಗೂ ಎದೆಯಿರಬಹುದು, ಅವನ ಕೆಲಸದ ಬಗ್ಗೆ ತೀರ್ಪನ್ನು ಬೇರೆ ಮಾತಿನಲ್ಲಿ ಕೊಡಬೇಕಾಗುವದು, ಹಾಗೆ ಬೇರೆ ಮಾತಿನಲ್ಲಿ ಕೊಡುವದೇ ನ್ಯಾಯ.

ಇನ್ನು ‘ಧೈರ್ಯ’. ಇದು ಎಲ್ಲಕ್ಕಿಂತಲೂ ಹೆಚ್ಚು ಬಳಕೆಯದು, ಎಲ್ಲಕ್ಕಿಂತಲೂ ಕಡಿಮೆ ತಿಳಿದದ್ದು. ‘ಧೀರ’ ಶಬ್ದದಲ್ಲಿ ಎರಡು ಹೊಳೆಗಳು ಕೂಡಿವೆ. ‘ಧೀ’ ಎಂದರೆ ಬುದ್ಧಿ. ಅದರಿಂದ ಬಂದ ಧೀರನು ಪಂಡಿತ. ಅಮರಸಿಂಹನು ಧೀರಶಬ್ದವನ್ನು ವಿದ್ವಾಂಸನ ಪರ್ಯಾಯಗಳ ಸಾಲಿನಲ್ಲಿ ಕೂಡ್ರಿಸಿದ್ದಾನೆ. ಕಠೋಪನಿಷತ್ತಿನ ಧೀರನು ಶ್ರೇಯಸ್ಸನ್ನೂ ಪ್ರೇಯಸ್ಸನ್ನೂ ವಿಂಗಡಿಸಿ ಶ್ರೇಯಸ್ಸನ್ನು ಆರಿಸಿಕೊಳ್ಳುವವನು. ಇನ್ನೊಂದು ಹೊಳೆಯು ‘ಧೃ’ ಧಾತುವಿನದು, ಧರಿಸುವದು, ತಾಳುವದು, ಅದರಿಂದ ‘ಧೃತಿ’. ಕುಮಾರಸಂಭವದ ಮೊದಲನೆಯ ಸರ್ಗದಲ್ಲಿ ತಪಸ್ಸಿನಲ್ಲಿರುವ ಶಿವನು ಪಾರ್ವತಿಯ ಸೇವೆಗೆ ಒಪ್ಪಿಗೆ ಕೊಡುವಾಗ, ಮನಸ್ಸು ಕದಡುವ ಕಾರಣವು ಎದುರಿಗಿದ್ದರೂ ಕದಡದವನೇ ಧೀರನೆಂದು ಕಾಳಿದಾಸನು ಹೇಳುವನು. ಅಲ್ಲಿ ಕತ್ತಿಯಿಲ್ಲ, ಹಗೆಯಿಲ್ಲ. ನಾಟ್ಯಶಾಸ್ತ್ರಜ್ಞರು ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ ಎಂದು ನಾಲ್ಕು ಬಗೆಯ ನಾಯಕರಿಗೂ ಧೀರಪದವನ್ನು ಮುಂದೆ ಇಟ್ಟರು. ವೀಣೆ ನುಡಿಸಿಕೊಂಡಿರುವ ಉದಯನನೂ ಧೀರ, ಬಡತನದಲ್ಲಿ ಬೆಂದ ಚಾರುದತ್ತನೂ ಧೀರ. ಆದರೆ ಅವರೇ ವೀರರಸಕ್ಕ ಸ್ಥಾಯಿಭಾವವನ್ನು ಹೇಳುವಾಗ ಧೈರ್ಯವನ್ನು ಎತ್ತಿಕೊಳ್ಳದೆ ‘ಉತ್ಸಾಹ’ವೆಂದರು. ಇದರ ಸೂಕ್ಷ್ಮವನ್ನು ಬಲ್ಲವರು ಬಲ್ಲರು. ಮುಂದಕ್ಕೆ ಹೋಗುವದು ಉತ್ಸಾಹ, ಇದ್ದಲ್ಲಿಯೇ ನಿಲ್ಲುವದು ಧೈರ್ಯ. ಭರತನು ವೀರನನ್ನು ದಾನವೀರ, ಧರ್ಮವೀರ, ಯುದ್ಧವೀರ ಎಂದು ಮೂರು ಬಗೆ ಮಾಡಿದನು. ಸಾಹಿತ್ಯದರ್ಪಣಕಾರನು ದಯಾವೀರನನ್ನು ಕೂಡಿಸಿದನು. ಇಂಗ್ಲಿಷಿನ ‘ಎನ್‌ಕರೇಜ್’ ಎಂಬುದಕ್ಕೆ ನಾವು ‘ಪ್ರೋತ್ಸಾಹ’ವೆನ್ನುವಾಗ, ತಿಳಿದೋ ತಿಳಿಯದೆಯೋ, ಭರತನ ಈ ಸ್ಥಾಯಿಭಾವವನ್ನೇ ತಂದು ‘ಕೋರ್’ ಶಬ್ದದ ಜಾಗದಲ್ಲಿ ಇಟ್ಟಿದ್ದೇವೆ. ಅದು ಒಳ್ಳೆಯ ಅನುವಾದ, ಬದಲಿಸಬೇಕಾದದ್ದಿಲ್ಲ. ಧೈರ್ಯವನ್ನು ಮಾತ್ರ ‘ಫಾರ್ಟಿಟ್ಯೂಡ್’ ಎಂಬುದಕ್ಕೆ ಮೀಸಲಿಟ್ಟರೆ ಒಪ್ಪುವದು.

ಮತ್ತೊಂದು ಗುಂಪಿನ ಶಬ್ದಗಳನ್ನು ಕುರಿತು ನನಗೆ ದೂರಿದೆ. ‘ವೀರ’ ಎಂದರೆ ಮೊದಲು ಗಂಡಸು. ಲ್ಯಾಟಿನ್ನಿನ ‘ವಿರ್’ ಅದರ ಒಡಹುಟ್ಟು, ಇಂಗ್ಲಿಷಿನ ‘ವರ್ಚ್ಯೂ’ ಅದರಿಂದ ಬಂದದ್ದು. ಗ್ರೀಕರು ವೀರಗುಣಕ್ಕೆ ‘ಆಂದ್ರೇಯಾ’ ಎಂದರು, ಅದೂ ಗಂಡಸುತನವೇ. ನಮ್ಮಲ್ಲಿ ಪೌರುಷ, ಗಂಡುಗಲಿ, ಗಂಡೆದೆ. ಇವುಗಳಲ್ಲಿ ‘ವೀರ’ವು ಬಳಕೆಯಿಂದ ಸವೆದು ಸವೆದು ವೀರಮಾತೆ, ವೀರವನಿತೆ ಎಂದು ಹೆಂಗಸರಿಗೂ ಒಗ್ಗಿಹೋಗಿದೆ. ‘ಗಂಡೆದೆ’ ಹಾಗಲ್ಲ. ಕಿತ್ತೂರ ಚೆನ್ನಮ್ಮ, ಬೆಳವಡಿ ಮಲ್ಲಮ್ಮ, ಕೆಳದಿಯ ಚೆನ್ನಮ್ಮಾಜಿ ಇವರನ್ನು ಕುರಿತು ಭಾಷಣ ಮಾಡುವವರು ಬಾಯಿತುಂಬ ‘ಗಂಡೆದೆಯ ಹೆಣ್ಣು’ ಎನ್ನುವರು. ಹೊಗಳಿದೆವೆಂದು ಅವರು ತಿಳಿಯುವರು. ಆದರೆ ಆಕೆಯ ಎದೆಯು ಆಕೆಯದಲ್ಲ, ಯಾವನೋ ಗಂಡಸಿನಿಂದ ಎರವಲು ತಂದದ್ದು ಎಂದಂತಾಯಿತು. ಕೈಸೆರೆಯ ಅಧಿಕಾರಿಗಳನ್ನು ಕಾಪಾಡಿದ್ದೂ, ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಸಾಯುವವರೆಗೆ ತಾಳಿಕೊಂಡದ್ದೂ ಯಾವ ಗಂಡಸಿನ ಎರವಲು? ಕನ್ನಡದಲ್ಲಿ ಎದೆಗಾರನ ಜತೆಗೆ ‘ಎದೆಗಾರ್ತಿ’ ಎಂಬ ರೂಪವು ತಾನಾಗಿಯೇ ಸಿದ್ಧವಾಗಿದೆ. ಎದೆಯು ಇಬ್ಬರಿಗೂ ಇರುವದರಿಂದ ವ್ಯಾಕರಣಕ್ಕೆ ಇಲ್ಲಿ ತೊಡಕಿಲ್ಲ. ಈ ಶಬ್ದವನ್ನು ನಮ್ಮ ಬರಹಗಾರರು ಏಕೆ ಮೂಲೆಗೆ ಒತ್ತಿದರೋ ತಿಳಿಯದು. ಸಂಸ್ಕೃತದ ಉದ್ದ ಸಮಾಸಗಳಿದ್ದರೇ ಗಾಂಭೀರ್ಯವೆಂಬ ಭ್ರಮೆಯು ನಮ್ಮಂಥ ಪಾಠಶಾಲೆಯವರಿಂದ ಅವರಿಗೆ ಅಂಟಿರಲೂಬಹುದು.

ಇತ್ತೀಚಿನದೊಂದು ಸಂಗತಿಯು ಈ ಶಬ್ದಗಳನ್ನೆಲ್ಲ ಒರೆಗೆ ಹಚ್ಚುವಂಥದು. ಕುಂದಗೋಳ ತಾಲೂಕಿನ ಬೆಟದೂರಿನವನಾದ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದನು ಸಿಯಾಚಿನ್ ಹಿಮನದಿಯಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯಲ್ಲಿದ್ದನು. 2016ರ ಫೆಬ್ರುವರಿ 3ರಂದು ಹಿಮಕುಸಿತವಾಗಿ ಹತ್ತು ಜನ ಸೈನಿಕರು ಹುಗಿದುಹೋದರು. ಆರು ದಿನಗಳು ಕಳೆದ ಮೇಲೆ ಅಗೆದು ನೋಡಲಾಗಿ, ಅಷ್ಟು ಆಳದ ಹಿಮದ ಕೆಳಗೆ ಇವನೊಬ್ಬನು ಇನ್ನೂ ಉಸಿರಾಡುತ್ತಿದ್ದನು. ದಿಲ್ಲಿಯ ಆಸ್ಪತ್ರೆಗೆ ಒಯ್ದರು. ಫೆಬ್ರುವರಿ 11ರಂದು ತೀರಿಕೊಂಡನು. ಮರಣಾನಂತರ ಅವನಿಗೆ ಸೇನಾಪದಕವು ದೊರೆಯಿತು. ಆ ದಿನಗಳಲ್ಲಿ ನಮ್ಮ ಜಿಲ್ಲೆಯ ಮನೆಮನೆಗಳಲ್ಲಿಯೂ ಅವನ ಮಾತೇ. ಇಂಗ್ಲಿಷ್ ಪತ್ರಗಳು ‘ಬ್ರೇವ್‌ಹಾರ್ಟ್’ ಎಂದು ಬರೆದವು. ಕನ್ನಡದಲ್ಲಿ ‘ಶೌರ್ಯ’, ‘ಸಾಹಸ’ ಎಂಬ ಮಾತುಗಳು ಹರಿದಾಡಿದವು.

ಆ ಹಿಮದ ಕೆಳಗೆ ಶೌರ್ಯಕ್ಕೆ ಹಗೆ ಎಲ್ಲಿದ್ದನು? ಸಾಹಸಕ್ಕೆ ಕೈಕಾಲಾಡಿಸುವ ಸ್ಥಳವೆಲ್ಲಿತ್ತು? ಆ ಆರು ದಿನಗಳಲ್ಲಿ ಅವನು ಮಾಡಿದ ಕೆಲಸವೆಂದರೆ ತಾಳಿದ್ದು. ಅದಕ್ಕೆ ಸಂಸ್ಕೃತದಲ್ಲಿ ಧೃತಿಯೆಂದು ಹೆಸರಿದೆ. ಅದರಿಂದ ಬಂದ ಧೈರ್ಯವೆಂಬ ಮಾತು, ನಾವು ಎಲ್ಲ ಕಡೆಗೂ ಅದನ್ನು ಸವೆಯಿಸದೆ ಇದ್ದಿದ್ದರೆ, ಇಲ್ಲಿ ಪೂರ್ಣ ಬೆಲೆಗೆ ಸಲ್ಲುತ್ತಿತ್ತು. ‘ಬ್ರೇವ್‌ಹಾರ್ಟ್’ ಎಂಬುದರಲ್ಲಿ ಕೊನೆಗಾದರೂ ಎದೆಯೊಂದು ಉಳಿದಿದೆಯೆಂದು ಇಂಗ್ಲಿಷಿನವರನ್ನು ಮೆಚ್ಚಬೇಕು. ಕನ್ನಡಿಸುವವನಿಗೆ ಅಂದು ಬೇಕಾದ ಶಬ್ದವು ಬೆಟದೂರಿನ ಯಾವ ಬಡಿಗನ ಮನೆಯಲ್ಲಿಯಾದರೂ ಸಿಗುತ್ತಿತ್ತು: ‘ಕೆಚ್ಚೆದೆ’.